ಎಡಗಡೆಯ ನಾಳ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಅರೆದು ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಅರ್ಧ ಮಿಲಿಮೀಟರ್ ಆಚೀಚೆಯಾದರೂ ಗಾಜು ಕೂರುವುದಿಲ್ಲ. ಹಾಗಾಗಿ ಸ್ಕ್ಯಾನಿಂಗ್ ಕೋಣೆಯಲ್ಲಿ "ಹದಿನೆಂಟು ಮಿಲಿಮೀಟರ್" ಎಂಬ ಮಾತು ಕಿವಿಗೆ ಬಿದ್ದಾಗ, ಅದೆಷ್ಟು ದೊಡ್ಡದೆಂದು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಗರ್ಭಕೋಶ ಖಾಲಿಯಿತ್ತು. ಆರು ವಾರದ ಬಸಿರು ಎಡಗಡೆಯ ಅಂಡನಾಳದಲ್ಲೇ ಗಂಟಾಗಿ ಸಿಕ್ಕಿಕೊಂಡಿತ್ತು. ಬಲಗಡೆಯ ನಾಳ ಮೂರು ವರ್ಷದ ಹಿಂದೆ ಹೀಗೇ ಆಗಿ ಒಡೆದು, ಜೀವ ಉಳಿದದ್ದೇ ಹೆಚ್ಚು ಎನ್ನುವಂತಾಗಿತ್ತು; ಅದನ್ನು ಆಗಲೇ ತೆಗೆದುಹಾಕಿದ್ದರು. ಈಗ ಇರುವುದು ಇದೊಂದೇ.

"ಈ ಸಲ ಬೇಗ ಗೊತ್ತಾಗಿದೆ," ಎಂದರು ಡಾಕ್ಟರಮ್ಮ. "ಎದೆಬಡಿತ ಇಲ್ಲ, ನಾಳ ಒಡೆದಿಲ್ಲ, ರಕ್ತದಲ್ಲಿ ಬಸಿರಿನ ಹಾರ್ಮೋನೂ ಕಡಿಮೆಯೇ ಇದೆ. ಇಂಜೆಕ್ಷನ್ ಕೊಟ್ಟು ನೋಡೋಣ. ಬೆಳೆಯೋದು ನಿಂತು, ನಿಧಾನಕ್ಕೆ ಕರಗುತ್ತೆ. ಆದರೆ ಹೇಳಿದ ದಿನ ತಪ್ಪದೆ ಬರಬೇಕು. ಹೊಟ್ಟೆನೋವು ಜೋರಾದರೆ, ಆ ದಿನದ ತನಕ ಕಾಯಲೂಬಾರದು."

"ಬರ್ತಾಳೆ. ನಾನು ಕರ್ಕೊಂಡು ಬರ್ತೀನಿ," ಎಂದರು ಪಕ್ಕದಲ್ಲಿದ್ದ ಅತ್ತೆ. ಮೂವತ್ತು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವರು; ಅವರು ಮಾತಾಡಿದರೆ ಕೊನೆಯ ಸೀಟಿಗೂ ಕೇಳಿಸಬೇಕು. ಗಂಡ ಸರಕು ಹಡಗಿನ ಎಂಜಿನ್ ನೋಡಿಕೊಳ್ಳುವವನು, ಆ ತಿಂಗಳು ನಡುಸಮುದ್ರದಲ್ಲಿದ್ದ. ಫೋಲಿಕ್ ಮಾತ್ರೆ ಈ ಇಂಜೆಕ್ಷನ್ನಿಗೆ ಅಡ್ಡ ಬರುತ್ತದೆ, ನಿಲ್ಲಿಸಬೇಕು ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ಅತ್ತೆ ಅವಳ ಕೈಚೀಲಕ್ಕೆ ಕೈಹಾಕಿ ಡಬ್ಬಿಯನ್ನು ಅಲ್ಲೇ ಮೇಜಿನ ಮೇಲಿಟ್ಟರು.

ಇಂಜೆಕ್ಷನ್ ಕೊಟ್ಟ ನಾಲ್ಕನೆಯ ದಿನ ಹಾರ್ಮೋನು ಸ್ವಲ್ಪ ಏರಿತು. ಹಾಗಾಗುವುದುಂಟು ಎಂದು ಮೊದಲೇ ಹೇಳಿದ್ದರು. ಏಳನೆಯ ದಿನ ಸಾವಿರದ ಎಂಟುನೂರರಿಂದ ಸಾವಿರದ ಮುನ್ನೂರಕ್ಕೆ ಇಳಿಯಿತು. ಅತ್ತೆ ಕಾರಿಡಾರಿನಲ್ಲೇ "ರೈಟ್, ರೈಟ್!" ಎಂದುಬಿಟ್ಟರು. ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ಆದರೆ ಅದೇ ದಿನದ ಸ್ಕ್ಯಾನಿನಲ್ಲಿ ಗಂಟು ಇಪ್ಪತ್ತಾರು ಮಿಲಿಮೀಟರ್ ಆಗಿತ್ತು.

ಅವಳು ವರದಿಯನ್ನು ಡಾಕ್ಟರಮ್ಮನ ಮುಂದಿಟ್ಟಳು. "ಬೆಳೀತಾ ಇದೆಯಲ್ಲ ಡಾಕ್ಟ್ರೇ! ಔಷಧಿ ಹತ್ತಲಿಲ್ಲ ಅಲ್ವಾ?"

"ಬೆಳೆದದ್ದಲ್ಲಮ್ಮ, ಊದಿದ್ದು. ಸುತ್ತ ರಕ್ತ ಹೆಪ್ಪುಗಟ್ಟಿದೆ. ಹಾರ್ಮೋನು ಇಳೀತಿದೆ ಅಂದರೆ ಔಷಧಿ ಕೆಲಸ ಮಾಡ್ತಿದೆ ಅಂತಲೇ. ಗಂಟು ಹೋಗೋದು ಎಲ್ಲದಕ್ಕಿಂತ ಕೊನೆಗೆ."

ತಲೆಯಾಡಿಸಿ ಬಂದಳು, ನಂಬಿಕೆ ಮಾತ್ರ ಬರಲಿಲ್ಲ. ಅಂಗಡಿಯಲ್ಲಿ ಗಾಜು ಅಳೆಯುವಾಗಲೆಲ್ಲ ಇಪ್ಪತ್ತಾರೇ ಕಣ್ಣಿಗೆ ಕಟ್ಟುತ್ತಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ, ಎಡಗಡೆ ಕಿಬ್ಬೊಟ್ಟೆಯಲ್ಲಿ ಯಾರೋ ಹಿಂಡಿದಂತಾಯಿತು. ಯಂತ್ರ ನಿಲ್ಲಿಸಿ ನೆಲದ ಮೇಲೆ ಕೂತಳು. ಮೂರು ವರ್ಷದ ಹಿಂದಿನ ನೋವೂ ಹೀಗೇ ಶುರುವಾಗಿತ್ತು. ಅತ್ತೆಗೆ ಫೋನ್ ಮಾಡಿದಳು. ಹತ್ತೇ ನಿಮಿಷದಲ್ಲಿ ಅತ್ತೆ ಟ್ಯಾಕ್ಸಿ ತಂದು ನಿಲ್ಲಿಸಿದರು. ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ.

"ಮಾತಾಡ್ತಾ ಇರು. ಕಣ್ಣು ಮುಚ್ಚಬೇಡ," ಎಂದು ದಾರಿಯುದ್ದಕ್ಕೂ ಗದರಿದರು. ಹಿಡಿದಿದ್ದ ಅವಳ ಬೆರಳನ್ನು ಮಾತ್ರ ಬಿಡಲಿಲ್ಲ.

ಸ್ಕ್ಯಾನ್ ಮಾಡುವಾಕೆ ಎಂದಿನಂತೆ ತುಟಿಪಿಟಕ್ಕೆನ್ನಲಿಲ್ಲ. ಪರದೆ ಆಕೆಯತ್ತ ತಿರುಗಿದ್ದರಿಂದ ಅವಳಿಗೆ ಕಾಣುತ್ತಿದ್ದುದು ಆಕೆಯ ಮುಖ ಮಾತ್ರ. ಉಪಕರಣ ಒಳಗೆ ಎಡಕ್ಕೆ ಹೊರಳಿತು, ಕೆಳಗೆ ವಾಲಿತು, ಒಂದು ಕಡೆ ನಿಂತಿತು. ಅವಳು ಮಂಚದ ಅಂಚನ್ನು ಬಿಗಿಹಿಡಿದಳು.

ಆಕೆ ಮೊದಲ ಬಾರಿಗೆ ಬಾಯಿಬಿಟ್ಟಳು. "ಹೊಟ್ಟೆ ಒಳಗೆ ರಕ್ತ ಇಲ್ಲಮ್ಮ." ಪರದೆಯನ್ನು ಇತ್ತ ತಿರುಗಿಸಿದಳು. "ಒಡೆದಿದ್ದರೆ ಇಲ್ಲೆಲ್ಲ ಕಪ್ಪಗೆ ತುಂಬಿಕೊಂಡಿರೋದು. ಎಲ್ಲೂ ಇಲ್ಲ, ನೋಡಿ. ಡಾಕ್ಟರ್ ಬಂದು ಹೇಳ್ತಾರೆ, ಆದರೆ ನೀವು ಅಲ್ಲೀ ತನಕ ಹೀಗೆ ಒದ್ದಾಡೋದು ಬೇಡ."

ಔಷಧಿ ಹಿಡಿದ ಮೇಲೆ ಇಂಥ ನೋವು ಬರುವುದಿದೆ ಎಂದರು ಡಾಕ್ಟರಮ್ಮ. ಆದರೂ ಸಂಜೆಯವರೆಗೆ ಮಲಗಿಸಿ, ಮತ್ತೆ ಮತ್ತೆ ರಕ್ತದೊತ್ತಡ ನೋಡಿದರು. ನೋವು ತಾನಾಗಿ ಇಳಿಯಿತು. ಮಂಚದ ಪಕ್ಕ ಕೂತಿದ್ದ ಅತ್ತೆಗೆ ಆಗ ತಮ್ಮ ಚಪ್ಪಲಿ ಕಂಡಿತು. ನಗಲು ಹೋದವರು ಗಳಗಳ ಅತ್ತುಬಿಟ್ಟರು.

ಆಮೇಲೆ ವಾರಕ್ಕೊಮ್ಮೆ ರಕ್ತಪರೀಕ್ಷೆ. ಆರುನೂರು, ಇನ್ನೂರು, ಎಪ್ಪತ್ತು, ಹದಿನಾಲ್ಕು. ಆರನೆಯ ವಾರ ಏನೂ ಇಲ್ಲ. ಸ್ಕ್ಯಾನಿನಲ್ಲಿ ಗಂಟು ಎಂಟು ಮಿಲಿಮೀಟರಿನ ಮಸುಕು ಗುರುತಾಗಿತ್ತು. ಅದೂ ಹೋಗುತ್ತದೆ ಎಂದರು. ನಾಳ ಉಳಿದಿತ್ತು. ಮೂರು ತಿಂಗಳು ಕಳೆಯಲಿ, ಮುಂದಿನ ಬಸಿರಿನ ಮಾತು ಆಮೇಲೆ ಎಂದು ಕಳಿಸಿಕೊಟ್ಟರು.

ಹೊರಗೆ ಮೆಟ್ಟಿಲ ಮೇಲೆ ಅವಳು ನಿಂತಳು. "ಅತ್ತೆ, ಹೋದದ್ದು ನಮ್ಮದೇ ಕೂಸು. ಆದರೂ ನನಗೆ ಎದೆ ಹಗುರ ಆಗಿದೆ. ತಪ್ಪಾ ಇದು?"

"ನೀನು ಉಳಿದೆಯಲ್ಲೇ. ಅದಕ್ಕೆ ಹಗುರಾಗೋದು ಯಾವ ಸೀಮೆ ತಪ್ಪು? ಅಳು ಬಂದ ದಿನ ಅಳು, ನಾನೂ ಜೊತೆಗಿರ್ತೀನಿ."

ಆಗಲೇ ಹಡಗಿನಿಂದ ಫೋನ್ ಬಂತು. ಗಾಳಿಯ ಸದ್ದಿನಲ್ಲಿ ಗಂಡನ ಮಾತು ತುಂಡುತುಂಡಾಗಿ ಕೇಳಿತು. "ಏನಂದ್ರು? ಏನಂದ್ರು?"

"ಎಲ್ಲ ಸರಿಹೋಯ್ತಂತೆ ಕಣ್ರೀ," ಎಂದಳು. ಅವನಿಗೆ ಕೇಳಿಸಲಿಲ್ಲ. ಇನ್ನೂ ಜೋರಾಗಿ, ಬೀದಿಗೆಲ್ಲ ಕೇಳುವಂತೆ ಹೇಳಿದಳು.