ತಲೆಕಟ್ಟು ಕೊನೆಗೆ

ಬೈಲಹೊಂಗಲದ ಪೇಂಟರ್ ಮಡಿವಾಳೆಪ್ಪನ ಮಗಳು ಗುರುಬಸವ್ವನಿಗೆ ಅಕ್ಷರಗಳೆಂದರೆ ಮನುಷ್ಯರೇ. ಕೆಲವಕ್ಕೆ ಹೊಟ್ಟೆ ದೊಡ್ಡದು, ಕೆಲವಕ್ಕೆ ಸೊಂಟ ಸಣ್ಣದು. ಕೊಂಬು, ಗುಡಿಸು, ಬಾಲ ಎಲ್ಲ ಅವುಗಳ ಹಣೆಬರಹ. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಅಂಗಡಿಗಳ ಬೋರ್ಡು, ಕಬ್ಬಿನ ಟ್ರೇಲರುಗಳ ಹಲಗೆ ಎಲ್ಲವನ್ನೂ ಇವಳೇ ಬರೆಯುತ್ತಿದ್ದಳು. ಮೊದಲು ಸಾಲಿನ ಎಲ್ಲ ಅಕ್ಷರಗಳ ಮೈ ಬರೆದು, ಆಮೇಲೆ ಮೇಲೆ ದಾರ ಹಿಡಿದು ಒಂದೇ ಓಟದಲ್ಲಿ ಎಲ್ಲಕ್ಕೂ ತಲೆಕಟ್ಟು ಹಾಕುವುದು ಅವಳ ಪದ್ಧತಿ. ಒಂದೊಂದಕ್ಕೇ ಹಾಕುತ್ತ ಹೋದರೆ ಸಾಲು ಉಬ್ಬುಹಲ್ಲಿನ ಬಾಯಾಗುತ್ತದೆ. ಹಾಕುವಾಗ ಪ್ರತಿ ತಲೆಕಟ್ಟಿನ ತುದಿಯನ್ನು ಹುರಿ ಮೀಸೆಯ ಹಾಗೆ ಒಂಚೂರು ಮೇಲಕ್ಕೆ ತಿರುವುತ್ತಿದ್ದಳು. ಅದು ಅವಳ ಕೈಯ ಗುರುತು.

ಈ ಮೊದಲು ಕನ್ಯೆ ನೋಡಲು ಬಂದವರು "ಏಣಿ ಹತ್ತೂ ಹುಡುಗಿ ನಮಗ ಬ್ಯಾಡ್ರಿ" ಎಂದು ಎದ್ದುಹೋಗಿದ್ದರು. ಗುರುಬಸವ್ವ ಅವರು ಬಿಟ್ಟುಹೋದ ಶಿರಾ ತಿಂದು ಆರಾಮಾಗಿ ಮಲಗಿದ್ದಳು. ಹೋದರೆ ಹೋಗಲಿ, ಅವರೇನು ಬಂಗಾರದ ಗಟ್ಟಿಯೇ?

ಆದರೆ ಈ ಸಲ ಬಂದವನು ರಾಮದುರ್ಗದ ಬಸವಲಿಂಗ. ಕಬ್ಬಿಣದ ಗೇಟು ಮಾಡುವವನು. ಉಳಿದವರೆಲ್ಲ ಚಪ್ಪಲಿ ಬಿಟ್ಟು ಒಳಗೆ ಬಂದರೂ ಇವನು ಬಾಗಿಲ ಮೇಲಿನ ಹೆಸರಿನ ಹಲಗೆ ನೋಡುತ್ತ ಅಲ್ಲೇ ನಿಂತ. ಬೆರಳೆತ್ತಿ, ಮಡಿವಾಳೆಪ್ಪ ಎನ್ನುವುದರಲ್ಲಿನ 'ಳೆ'ಯ ಹೊಟ್ಟೆಯನ್ನು ಗಾಳಿಯಲ್ಲೇ ತಿದ್ದಿದ.

ಅಡಿಗೆಮನೆಯ ಬಾಗಿಲ ಸಂದಿಯಿಂದ ಇಣುಕಿದ ಗುರುಬಸವ್ವನ ಕೈಯಲ್ಲಿದ್ದ ಅವಲಕ್ಕಿ ಅರ್ಧ ನೆಲಕ್ಕೆ ಬಿತ್ತು.

"ಅವ್ವಾ, ಆದ್ರ ಇವನ್ನ ಆಗತೇನಿ."

"ಮಾರೀನ ಇನ್ನ ನೋಡಿಲ್ಲಲ್ಲ ನೀ," ಎಂದಳು ತಾಯಿ ರಾಚವ್ವ.

"ಕೈಬಟ್ಟು ನೋಡೇನಿ."

ಬಸವಲಿಂಗನ ಕಾಕಾ ಸತ್ಯಪ್ಪ ಕನ್ಯೆ ನೋಡುವುದರಲ್ಲಿ ಪಳಗಿದ ಮನುಷ್ಯ. ನಡೆಸಿ ನೋಡುವುದು, ಹಾಡಿಸುವುದು ಎಲ್ಲ ಬಿಟ್ಟಿದ್ದರೂ ಹೆಸರು ಬರೆಸುವುದೊಂದನ್ನು ಬಿಟ್ಟಿರಲಿಲ್ಲ. ಗುರುಬಸವ್ವ ಚಾಪೆಯ ಮೇಲೆ ಬಂದು ಕೂತದ್ದೇ ಹಾಳೆ, ಪೆನ್ನು ಮುಂದಿಟ್ಟು, "ನಿನ್ನ ಹೆಸರ ಬರದ ತೋರಸವಾ ತಂಗಿ," ಎಂದ.

ಇವಳಿಗೆ ಇದಕ್ಕಿಂತ ಸಲೀಸಾದ ಪರೀಕ್ಷೆ ಉಂಟೇ? ಆದರೆ ಎದುರಿಗೇ ಅವನು ಕೂತಿದ್ದ. ಕಿಡಿ ಹಾರಿ ಸುಟ್ಟ ಕಲೆಗಳಿದ್ದ ಕೈಗಳನ್ನು ಮೊಳಕಾಲ ಮೇಲಿಟ್ಟುಕೊಂಡಿದ್ದ. ಗುರುಬಸವ್ವನ ಚಿತ್ತ ಆ ಕೈಗಳ ಮೇಲೆ ಹೋಯಿತು, ಅವಳ ಕೈ ತನ್ನ ರೂಢಿಯ ದಾರಿ ಹಿಡಿಯಿತು. ಗು, ರು, ಬ, ಸ, ವ್ವ ಎಲ್ಲದರ ಮೈ ಚೆಂದಾಗಿ ಕೂತವು. ಇನ್ನು ತಲೆಕಟ್ಟು ಹಾಕಬೇಕು ಎಂದು ಪೆನ್ನು ಎತ್ತುವಷ್ಟರಲ್ಲಿ ಸತ್ಯಪ್ಪ ಹಾಳೆ ಎಳೆದುಕೊಂಡುಬಿಟ್ಟ.

"ಇದೇನ ಬರದಾಳ್ರಿ? ಒಂದಕ್ಕೂ ತಲೀನ ಇಲ್ಲ."

ಗು ಬೋಳಾಗಿತ್ತು. ರು ಬಾಲ ಬಂದ ಸೊನ್ನೆಯಂತಿತ್ತು. ಹುಟ್ಟಿನಿಂದಲೇ ಬರಿದಲೆಯ 'ಬ' ಒಂದೇ ಮಾನ ಉಳಿಸಿಕೊಂಡು ನಡುವೆ ನಿಂತಿತ್ತು. ಸತ್ಯಪ್ಪ ಮೂಗಿನ ಮೇಲಿನ ಚಾಳೀಸು ಏರಿಸಿ ನೋಡಿದ, ಇಳಿಸಿ ನೋಡಿದ, ಕೊನೆಗೆ ಹಾಳೆಯನ್ನೇ ತಲೆಕೆಳಗು ಮಾಡಿ ನೋಡಿದ.

ಇನ್ನೂ ಮುಗಿದಿಲ್ಲ ಎಂದು ಹೇಳಿದ್ದರೆ ತೀರುತ್ತಿತ್ತು. ಆದರೆ ಗುರುಬಸವ್ವನಿಗೆ ನಗು ಒತ್ತಿ ಬಂತು. ಸೆರಗು ಬಾಯಿಗಿಟ್ಟುಕೊಂಡಳು. ನಗು ಮೂಗಿನಿಂದ ಹೊರಟಿತು.

"ತಲಿ ಇಲ್ಲದ ಹೆಸರು ಅಪಶಕುನ. ಮ್ಯಾಲ ನಗತಾಳ ಬ್ಯಾರೆ. ಏಳ್ರಿ, ಹೋಗೂಣು." ಸತ್ಯಪ್ಪ ಎದ್ದು ಒಂದು ಚಪ್ಪಲಿ ಮೆಟ್ಟಿಯೇಬಿಟ್ಟ.

"ಯಜಮಾನ್ರ, ಚಾ ಆದ್ರೂ ಕುಡದ ಹೋಗ್ರಿ," ಎಂದ ಮಡಿವಾಳೆಪ್ಪನ ಕೈಯಲ್ಲಿ ಕಪ್ಪು-ಬಸಿ ಕಟಕಟ ಎಂದವು. ಗುರುಬಸವ್ವನ ನಗು ಇಂಗಿಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಕಣ್ಣಲ್ಲಿ ನೀರೇ ಬಂತು.

"ಕಾಕಾ, ಅದ ಇನ್ನ ಮುಗದಿಲ್ಲ," ಎಂದ ಬಸವಲಿಂಗ. "ನಾನೂ ಗೇಟಿಗೆ ಹೆಸರ ಕೂಡ್ರಸೂವಾಗ ಮೈ ಮೊದಲ ಬೆಸೀತೇನಿ, ತಲಿಕಟ್ಟ ಕಡೀಕ. ಇಲ್ಲಂದ್ರ ಸಾಲ ಸೊಟ್ಟ ಆಕ್ಕೈತಿ. ಕೊಡ್ರಿ ಇಲ್ಲೆ."

ಹಾಳೆ ಇಸಿದುಕೊಂಡು 'ಗು'ಗೆ ಒಂದು, 'ರು'ಗೆ ಒಂದು ಎಳೆದ. 'ಬ' ದಾಟಿದ. ಸ, ವ್ವ ಎರಡಕ್ಕೂ ಎಳೆದ. ಪ್ರತಿಯೊಂದರ ತುದಿಯಲ್ಲೂ ಅದೇ ಹುರಿ ಮೀಸೆಯ ತಿರುವು.

ಗುರುಬಸವ್ವನಿಗೆ ಕೂತ ಚಾಪೆ ನೆಲಬಿಟ್ಟು ಎದ್ದಂತಾಯಿತು. ಕನ್ಯೆ ಮಾತಾಡಬಾರದು ಎಂಬುದೂ ಮರೆತುಹೋಯಿತು.

"ಈ ಮೀಸಿ ಎಲ್ಲಿ ಕಲತ್ರಿ?"

"ಸವದತ್ತ್ಯಾಗ ಬಸ್ ಬದಲ ಮಾಡೂವಾಗ ಹಿಟ್ಟಿನ ಗಿರಣಿಗೆ ನೀವ ಬರದ ಬೋರ್ಡ ನೋಡಿದ್ದೆ. ನೋಡಕೋಂತ ನಿಂತ ಬಸ್ ತಪ್ಪಿಸ್ಕೊಂಡೆ. ಮರುವಾರ ಮತ್ತ ತಪ್ಪಿಸ್ಕೊಂಡೆ. ಕಡೀಕ ಗಿರಣಿಯವರನ್ನ ಕೇಳಿ ನಿಮ್ಮ ಮನಿ ಹುಡಕಿಸೇನಿ." ಅವನ ಕಿವಿಗಳು ಕಾದ ಕಬ್ಬಿಣದಷ್ಟು ಕೆಂಪಾಗಿದ್ದವು.

ಒಂದು ಕಾಲಲ್ಲಿ ಚಪ್ಪಲಿ ಇದ್ದ ಸತ್ಯಪ್ಪ, "ಅಂದ್ರ ಕನ್ಯಾ ನಾ ಹುಡಕಿದ್ದಲ್ಲೇನೋ? ಊರಾಗೆಲ್ಲಾ ಹೇಳಕೊಂಡ ಬಂದೇನಲ್ಲೋ," ಎಂದು ಕಂಗಾಲಾದ.

ಬಸವಲಿಂಗ ಹಾಳೆಯನ್ನು ಮತ್ತೆ ತನ್ನ ಮುಂದೆ ಎಳೆದುಕೊಂಡ. ಅವಳ ಹೆಸರಿನ ಕೆಳಗೆ ತನ್ನ ಹೆಸರು ಬರೆದ, ಮೈ ಮಾತ್ರ. 'ಸ', 'ವ', 'ಗ'ಗಳನ್ನು ಹಾಗೇ ಬೋಳಾಗಿ ಬಿಟ್ಟು, ಹಾಳೆಯನ್ನೂ ಪೆನ್ನನ್ನೂ ಅವಳ ಕಡೆ ಸರಿಸಿದ.

"ಹೋತು, ಇವಂದೂ ತಲಿ ಹೋತು," ಎಂದು ಸತ್ಯಪ್ಪ ಚಪ್ಪಲಿ ಬಿಟ್ಟು ಕೂತ.

ಎಷ್ಟೆತ್ತರದ ಏಣಿಯ ಮೇಲೂ ಗೆರೆ ತಪ್ಪದವಳು ಪೆನ್ನು ಎತ್ತಿಕೊಂಡಳು. 'ಸ'ಗೆ ಹಾಕಿದಳು, 'ವ'ಗೆ ಹಾಕಿದಳು. 'ಗ'ದ ಮೀಸೆ ಮಾತ್ರ ಹತೋಟಿ ತಪ್ಪಿ ಹಾಳೆಯ ಅಂಚಿನವರೆಗೆ ಹಾರಿತು.

"ಸೊಟ್ಟ ಆತ್ರಿ," ಎಂದಳು ಮೆಲ್ಲಗೆ.

"ಇರ್ಲಿ ಬಿಡ್ರಿ," ಎಂದ ಅವನು.

ಈಗ ರಾಮದುರ್ಗದ ಅವರ ಮನೆಯ ಗೇಟಿನ ಮೇಲೆ ಎರಡೂ ಹೆಸರುಗಳು ಕಬ್ಬಿಣದಲ್ಲಿ ಕೂತಿವೆ. ಬಸವಲಿಂಗನ 'ಗ'ದ ಮೇಲೆ ಅದೇ ಹಾರಿಹೋದ ತಲೆಕಟ್ಟು. ಗಿರಾಕಿಗಳು ಬಂದಾಗಲೆಲ್ಲ ಅದನ್ನು ತೋರಿಸಿ, ಕಟ್ ಮಾಡಿ ಸರಿಮಾಡಿ ಎನ್ನುತ್ತಾರೆ. ಗುರುಬಸವ್ವ ಯಾರಿಗೂ ಅದನ್ನು ಮುಟ್ಟಗೊಡುವುದಿಲ್ಲ.