ಹಿಂದಿನ ಸಾಲು

ಚೆಂಡು ಇಬ್ಬರ ನಡುವೆ ಹಾದುಹೋಯಿತು. ಅವಳು ಎಕ್ಸ್‌ರೇ ವಿಭಾಗದ ಹುಡುಗಿಯ ಮುಖ ನೋಡಿದಳು, ಎಕ್ಸ್‌ರೇ ಹುಡುಗಿ ಅವಳ ಮುಖ ನೋಡಿದಳು. ಅಷ್ಟರಲ್ಲಿ ಎದುರು ತಂಡದವಳೊಬ್ಬಳು ಬಂದು, ಯಾರೋ ಮರೆತುಹೋದ ಸಾಮಾನನ್ನು ಎತ್ತಿಕೊಂಡಷ್ಟು ಸಲೀಸಾಗಿ ಅದನ್ನು ಗೋಲಿನೊಳಕ್ಕೆ ತಳ್ಳಿದಳು. ಆ ದಿನದ ನಾಲ್ಕನೆಯ ಗೋಲು.

"ನೀವು ತಗೋತೀರಾ ಅಂದ್ಕೊಂಡೆ ಅಕ್ಕಾ."

"ನಾನು ನೀನು ತಗೋತೀಯಾ ಅಂದ್ಕೊಂಡೆ."

ಗೋಲ್‌ಕೀಪರ್ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೂರುವವಳು. ಬಲೆಯಿಂದ ಚೆಂಡು ಬಿಡಿಸುತ್ತಾ, "ಇಬ್ರೂ ಚೆನ್ನಾಗಿ ಅಂದ್ಕೊಂಡ್ರಿ ಬಿಡಿ" ಎಂದಳು. ಯಾರೂ ನಗಲಿಲ್ಲ.

ಆಸ್ಪತ್ರೆಯ ಮಹಿಳಾ ಫುಟ್‌ಬಾಲ್ ತಂಡದಲ್ಲಿ ಒಂಬತ್ತು ವರ್ಷಗಳ ಕಾಲ ಡಿಫೆನ್ಸ್, ಅಂದರೆ ಗೋಲು ಕಾಯುವ ಹಿಂದಿನ ಸಾಲು, ದೊಡ್ಡಕ್ಕ ಎಂದೇ ಅರ್ಥವಾಗಿತ್ತು. ಹೆರಿಗೆ ವಾರ್ಡಿನ ನರ್ಸ್. ಅವಳ ಗಂಟಲು ಮೂರು ಮಹಡಿಗೆ ಕೇಳುತ್ತಿತ್ತು. ಎರಡು ತಿಂಗಳ ಹಿಂದೆ ಅವಳಿಗೆ ಬೇರೆ ಊರಿಗೆ ವರ್ಗವಾಯಿತು; ಆ ಜಾಗಕ್ಕೆ ಎಕ್ಸ್‌ರೇ ಹುಡುಗಿ ಬಂದಳು. ಅದೇ ವಾರ ಬಲಗಡೆ ಆಡುತ್ತಿದ್ದ ಆಂಬುಲೆನ್ಸ್ ಡ್ರೈವರಮ್ಮನ ಮಂಡಿ ಕೈಕೊಟ್ಟಿತು. ನಡುವೆ ಹಳಬಳಾಗಿ ಉಳಿದವಳು ಲಾಂಡ್ರಿಯಲ್ಲಿ ಕೆಲಸ ಮಾಡುವ ಇವಳು, ಆ ಚೆಂಡನ್ನು ಬಿಟ್ಟುಕೊಟ್ಟವಳು. ಎಂಟು ವರ್ಷ ದೊಡ್ಡಕ್ಕನ ಪಕ್ಕದಲ್ಲಿ ನಿಂತು, ಮುಂದೆ ಎಂದರೆ ಮುಂದೆ, ಹಿಂದೆ ಎಂದರೆ ಹಿಂದೆ ಹೋದವಳು. ಯೋಚಿಸುವ ಕೆಲಸ ಅವಳ ಪಾಲಿಗೆ ಬಂದೇ ಇರಲಿಲ್ಲ.

"ಹಿಂದಿನ ಸಾಲು ಇನ್ಮೇಲೆ ನಿಂದು" ಎಂದಿದ್ದ ಕೋಚ್. ಅವನು ಆಸ್ಪತ್ರೆಯ ಎಲೆಕ್ಟ್ರಿಷಿಯನ್.

"ನಂಗೆ ಕೂಗಕ್ಕೆ ಬರಲ್ಲ ಸಾರ್."

"ಬಾಯಿ ತೆಗಿ. ತಾನಾಗೇ ಬರುತ್ತೆ."

ಬಾಯಿ ತೆಗೆದಾಗ ಬಂದದ್ದು ದೊಡ್ಡಕ್ಕನ ಮಾತುಗಳೇ. "ಏಯ್, ಕಣ್ಣು ಎಲ್ಲಿಟ್ಟಿದ್ದೀಯಾ! ನಿದ್ದೆ ಮಾಡ್ತಿದ್ದೀಯಾ!" ಎಂದು ಪ್ರಾಕ್ಟೀಸಿನಲ್ಲಿ ಒಂದು ವಾರ ಕೂಗಿದಳು. ಕೊನೆಗೆ ಎಕ್ಸ್‌ರೇ ಹುಡುಗಿ ತಡೆಯಲಾರದೆ ಕೇಳಿದಳು: "ಅಕ್ಕಾ, ತಪ್ಪು ತಿಳ್ಕೋಬೇಡಿ. ನೀವು ದೊಡ್ಡಕ್ಕನ ಮಿಮಿಕ್ರಿ ಮಾಡ್ತಿದ್ದೀರಾ?" ಅವಳ ಕಿವಿ ಬಿಸಿಯಾಯಿತು. ಆಮೇಲಿನ ಪಂದ್ಯದಲ್ಲಿ ತುಟಿ ಬಿಚ್ಚಲಿಲ್ಲ. ಆ ನಾಲ್ಕು ಗೋಲು ಬಿದ್ದದ್ದು ಆಗಲೇ.

ಮುಂದಿನ ಪಂದ್ಯ ಗಿರಣಿಯ ತಂಡದ ಮೇಲೆ. ಸಮ ಆದರೂ ಸಾಕು; ಸೋತರೆ ಲೀಗಿನ ಕೆಳಗಿನ ದರ್ಜೆಗೆ ಇಳಿಯಬೇಕು. ಕೆಳಗಿನ ದರ್ಜೆಯ ತಂಡಕ್ಕೆ ಪ್ರಾಕ್ಟೀಸಿಗೆಂದು ಪಾಳಿ ಬದಲಿಸಿ ಕೊಡಲಾಗದು ಎಂದು ಸೂಪರಿಂಟೆಂಡೆಂಟ್ ಆಗಲೇ ಹೇಳಿಯಾಗಿತ್ತು. ಪಾಳಿ ಬದಲಾವಣೆ ಇಲ್ಲದಿದ್ದರೆ ತಂಡವೂ ಇಲ್ಲ.

ಲಾಂಡ್ರಿಯಲ್ಲಿ ಮಧ್ಯಾಹ್ನದ ಹೊತ್ತು ಆವಿ ದಟ್ಟವಾಗಿರುತ್ತದೆ. ನಾಲ್ಕು ಹೆಜ್ಜೆ ಆಚೆ ನಿಂತವರು ನೀರಿನೊಳಗೆ ನಿಂತ ಹಾಗೆ ಕಾಣುತ್ತಾರೆ. ಯಂತ್ರಗಳ ಸದ್ದಿಗೆ ಮಾತು ಕೇಳಿಸುವುದಿಲ್ಲ, ಬೇಕಾಗುವುದೂ ಇಲ್ಲ. ಇಬ್ಬರು ಹಾಸುಬಟ್ಟೆಯ ತುದಿ ಹಿಡಿದು, ಹತ್ತಿರ ಬಂದು, ದೂರ ಸರಿದು, ಮತ್ತೆ ಹತ್ತಿರ ಬರುತ್ತಾರೆ; ಬಟ್ಟೆ ತಾನೇ ಮಡಿಚಿಕೊಂಡಂತೆ ಚಿಕ್ಕದಾಗುತ್ತದೆ. ಅವಳು ಊಟದ ಬಿಡುವಿನಲ್ಲಿ ಹಿತ್ತಿಲ ಮೆಟ್ಟಿಲ ಮೇಲೆ ಕೂತು ದೊಡ್ಡಕ್ಕನಿಗೆ ಫೋನ್ ಮಾಡಿದಳು. ಆ ಕಡೆ ಯಾವುದೋ ಹಸುಗೂಸು ಅಳುತ್ತಿತ್ತು.

"ಅಕ್ಕಾ, ಅಷ್ಟೊಂದು ಕೂಗ್ತಿದ್ರಲ್ಲ, ಏನು ನೋಡ್ಕೊಂಡು ಕೂಗ್ತಿದ್ರಿ?"

"ನೋಡೋದೇನು ಬಂತು? ಭಯ ಆಗ್ತಿತ್ತು ಕಣೇ. ನನ್ನ ಹಿಂದೆ ಯಾರು ಬರ್ತಿದ್ದಾರೋ, ನೀವೆಲ್ಲ ಇದ್ದೀರೋ ಇಲ್ವೋ ಗೊತ್ತಾಗ್ತಿರಲಿಲ್ಲ. ಅದಕ್ಕೇ ಬಾಯಿ ಬಡ್ಕೋತಿದ್ದೆ."

"ನಿಮಗೆ ಭಯಾನಾ?"

"ತಡಿ, ಇಲ್ಲೊಬ್ಬ ಮಹಾರಾಜ ಎದ್ದಿದ್ದಾನೆ" ಎಂದು ದೊಡ್ಡಕ್ಕ ಫೋನ್ ಇಟ್ಟಳು.

ಪಂದ್ಯದ ಬೆಳಿಗ್ಗೆ ಮಂಜು ಬಿದ್ದಿತ್ತು. ಮೊದಲರ್ಧ ಹೇಗೋ ಕಳೆಯಿತು. ಗೋಲು ಯಾರಿಗೂ ಆಗಲಿಲ್ಲ. ಎರಡನೆಯ ಅರ್ಧದಲ್ಲಿ ನದಿಯ ಕಡೆಯಿಂದ ಇನ್ನಷ್ಟು ಮಂಜು ಉರುಳಿಬಂದು ಮೈದಾನದ ಒಂದೊಂದೇ ಮೂಲೆಯನ್ನು ಅಳಿಸಿತು. ಆಟ ನಿಲ್ಲಿಸಬೇಕೋ ಬೇಡವೋ ಎಂದು ರೆಫರಿ ಗಡಿಯಾರ ನೋಡಿಕೊಂಡ. ಹತ್ತೇ ನಿಮಿಷವಿತ್ತು. ಆಡಿ ಎಂದ.

ಅವಳಿಗೆ ತನ್ನ ಬೂಟು ಕಾಣುತ್ತಿತ್ತು, ಸುತ್ತ ಒಂದಿಷ್ಟು ಒದ್ದೆ ಹುಲ್ಲು. ಎಲ್ಲೋ ಓಡುವ ಕಾಲುಗಳ ಸದ್ದು ಹತ್ತಿರವಾಗಿ, ಕರಗಿ, ಇನ್ನೊಂದು ಕಡೆಯಿಂದ ಹುಟ್ಟುತ್ತಿತ್ತು. ಜಗತ್ತಿನಲ್ಲಿ ಬೇರೆ ಯಾರೂ ಇಲ್ಲವೇನೋ ಎನ್ನಿಸಿ ಭಯವಾಯಿತು. ಆಗ ತನಗೇ ತಿಳಿಯದಂತೆ ಕೇಳಿದಳು. ಕೂಗಲಿಲ್ಲ, ಪಕ್ಕದ ಕೋಣೆಯವರನ್ನು ಕೇಳುವ ದನಿಯಲ್ಲಿ, "ಎಡಗಡೆ ಯಾರಿದ್ದೀರಾ?"

"ನಾನಿದ್ದೀನಮ್ಮ." ಆಸ್ಪತ್ರೆಯ ಅಡುಗೆಮನೆಯ ಚಿಕ್ಕಮ್ಮ.

"ಬಲಗಡೆ?"

"ಇದ್ದೀನಿ ಅಕ್ಕಾ." ಡ್ರೈವರಮ್ಮನ ಜಾಗಕ್ಕೆ ಬಂದಿದ್ದ ರಿಸೆಪ್ಷನ್ ಹುಡುಗಿ.

"ಪಕ್ಕದಲ್ಲಿ?"

"ಇಲ್ಲೇ" ಎಂದಳು ಎಕ್ಸ್‌ರೇ ಹುಡುಗಿ, ನಿಜವಾಗಿಯೂ ಪಕ್ಕದಲ್ಲೇ.

ಆಮೇಲೆ ಅವಳು ಕೇಳುತ್ತಲೇ ಹೋದಳು. ಏನು ಕೇಳಿಸ್ತಿದೆ, ಯಾರ ಕಾಲು, ಎಷ್ಟು ದೂರ. ಅವರು ಹೇಳುತ್ತಲೇ ಹೋದರು. ಉತ್ತರ ಬಂದ ಕಡೆಯಲ್ಲೆಲ್ಲ ಮಂಜಿನಲ್ಲಿ ಒಂದೊಂದು ಜಾಗ ಗಟ್ಟಿಯಾದಂತೆ ಅನಿಸಿತು. ಎರಡು ಸಲ ಚೆಂಡು ಮಂಜಿನಿಂದ ಹೊರಬಿತ್ತು. ಎರಡು ಸಲವೂ ಅಲ್ಲಿ ಯಾರೋ ಇದ್ದರು.

ಕೊನೆಯ ನಿಮಿಷದಲ್ಲಿ ಗಿರಣಿಯವರ ಸದ್ದು ಒಟ್ಟಾಗಿ ನುಗ್ಗಿ ಬಂತು. ಇಂಥ ಹೊತ್ತಿನಲ್ಲಿ ದೊಡ್ಡಕ್ಕ ಚೆಂಡಿಗೆ ಎದುರಾಗಿ ಎಲ್ಲರನ್ನೂ ಮುಂದೆ ಓಡಿಸುತ್ತಿದ್ದಳು. ಅವಳೂ ಹಾಗೇ ಕೂಗಲೆಂದು ಉಸಿರೆಳೆದುಕೊಂಡಳು.

"ಬೇಡ ಅಕ್ಕಾ!" ಎಕ್ಸ್‌ರೇ ಹುಡುಗಿಯ ದನಿ. "ನಮ್ಮ ಹಿಂದೆ ಒಬ್ಬಳು ಮೊದಲೇ ನುಸುಳಿದ್ದಾಳೆ!"

ಅವಳಿಗೆ ಯಾರೂ ಕಾಣಲಿಲ್ಲ. ಹುಡುಗಿಗೆ ಕಂಡಿತ್ತೋ, ಹೆದರಿಕೆಯೋ, ತಿಳಿಯುವಷ್ಟು ಹೊತ್ತಿರಲಿಲ್ಲ.

"ಅವಳು ಹೇಳಿದ ಹಾಗೆ ಮಾಡಿ! ಎಲ್ರೂ ಹಿಂದೆ! ಗೋಲಿಗೆ!"

ಓಡಿದರು. ಬೆನ್ನಿಗೆ ಬೆನ್ನು, ಮೊಣಕೈಗೆ ಪಕ್ಕೆಲುಬು ತಾಗಿತು. ಧಪ್ ಎಂದು ಒಂದು ಸದ್ದಾಯಿತು. ಚೆಂಡು ಎಲ್ಲೋ ದೂರದಲ್ಲಿ ಪುಟಿಯುತ್ತಾ ಹೋದದ್ದು ಕೇಳಿಸಿತು.

"ಯಾರಿಗೆ ತಗುಲ್ತು?"

"ನಂಗೆ" ಎಂದಳು ಚಿಕ್ಕಮ್ಮ.

"ಎಲ್ಲಿ?"

"ಹೇಳೋ ಜಾಗ ಅಲ್ಲ ಬಿಡಮ್ಮ."

ಯಾರು ಮೊದಲು ನಕ್ಕರೋ ಗೊತ್ತಾಗಲಿಲ್ಲ. ನಗುತ್ತಿರುವಾಗಲೇ ರೆಫರಿ ಆಟ ಮುಗಿಯಿತೆಂದು ಸೀಟಿ ಊದಿದ, ಉದ್ದಕ್ಕೆ, ಮೂರು ಸಲ.

ಯಾರೂ ಅಲ್ಲಿಂದ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಮಂಜು ತೆಳುವಾಗತೊಡಗಿತು. ಮೊದಲು ಗೋಲಿನ ಅಡ್ಡಪಟ್ಟಿ, ಆಮೇಲೆ ಬಲೆ, ಆಮೇಲೆ ಬಿಸಿಲಿನ ಒಂದು ಬಿಳಿ ತುಂಡು ಹುಲ್ಲಿನ ಮೇಲೆ. ಉಳಿದವರೆಲ್ಲ ಆಗಲೇ ಆಚೆ ಹೋಗಿ ಇಡೀ ಮೈದಾನ ಖಾಲಿಯಾಗಿತ್ತು. ಒಂದು ಚಾಪೆಯಷ್ಟು ಜಾಗದಲ್ಲಿ ಗೋಲ್‌ಕೀಪರ್ ಸೇರಿ ಐದು ಜನ ಒತ್ತಿಕೊಂಡು ನಿಂತಿದ್ದರು, ಮೈಯಿಂದ ಆವಿ ಏಳುತ್ತಿತ್ತು, ರಿಸೆಪ್ಷನ್ ಹುಡುಗಿ ಚಿಕ್ಕಮ್ಮನ ಅಂಗಿಯ ತುದಿಯನ್ನು ಇನ್ನೂ ಬಿಟ್ಟಿರಲಿಲ್ಲ.