ಸೊಂಟದ ಪಟ್ಟಿ

ಗಂಡನ ಕಾಲಿಗೆ ಹೊಸ ಕಾಲುಚೀಲ ಹಾಕಲು ಹೋದಾಗ ಅವಳ ಕಣ್ಣಿಗೆ ಆ ಹಿಮ್ಮಡಿ ಬಿತ್ತು. ಬಲಗಾಲಿನ ಹಿಮ್ಮಡಿಯ ಚರ್ಮ ಕಪ್ಪಗಾಗಿ ಅಂಚೆಲ್ಲ ಒದ್ದೆಯಾಗಿತ್ತು. ಬಗ್ಗಿದರೆ ವಾಸನೆಯೂ ಬರುತ್ತಿತ್ತು. ಕಾಲುಚೀಲ ಕೈಯಲ್ಲೇ ಉಳಿಯಿತು.

ಅವನು ಪೇಂಟರ್. ಎತ್ತರದ ಕಟ್ಟಡಗಳ ಹೊರಗೋಡೆಗೆ, ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಬಣ್ಣ ಬಳಿಯುತ್ತಿದ್ದವನು. ಒಂದು ಬೆಳಿಗ್ಗೆ ನೆಲದ ಮೇಲೆ ಕೂತು ಬಣ್ಣ ಕಲಸುವಾಗ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಜೀವ ಉಳಿಸಿದ ಆಸ್ಪತ್ರೆಯವರು, ನಡೆಯೋದನ್ನೂ ಮಾತಾಡೋದನ್ನೂ ಮತ್ತೆ ಕಲಿಸುತ್ತಾರೆಂದು ಇಲ್ಲಿನ ರಿಹ್ಯಾಬ್ ವಾರ್ಡಿಗೆ ಕಳಿಸಿದ್ದರು. ಮಾತಿನಲ್ಲಿ ಒಂದೇ ಒಂದು ಪದ ಉಳಿದಿತ್ತು: "ಅವನಜ್ಜಿ." ಮನೆಯಲ್ಲಿ ಎಂದೂ ಬೈದವನಲ್ಲ. ಈಗ ಮಾತ್ರೆಗೂ ಅವನಜ್ಜಿ, ಗಂಜಿಗೂ ಅವನಜ್ಜಿ, ಅವಳು ಬಾಗಿಲಲ್ಲಿ ಕಾಣಿಸಿಕೊಂಡರೆ ಮುಖ ಅರಳಿಸಿಕೊಂಡು ಅದೇ ಅವನಜ್ಜಿ. ಎಲ್ಲ ಮಾತು ಹೋದರೂ ಬೈಗುಳ ಉಳಿಯುವುದುಂಟು ಎಂದು ಫಿಸಿಯೋ ಹುಡುಗಿ ಹೇಳಿದ ದಿನ ಅವಳು ನಕ್ಕಿದ್ದಳು.

ಈಗ ನಗು ಬರಲಿಲ್ಲ. ಅವಳು ಹೆಡ್ ಸಿಸ್ಟರನ್ನು ಕರೆದುಕೊಂಡು ಬಂದು ಹಿಮ್ಮಡಿ ಎತ್ತಿ ತೋರಿಸಿದಳು.

"ಇದನ್ನ ಯಾರೂ ನೋಡಿಲ್ವಾ ಸಿಸ್ಟರ್?"

ಸಿಸ್ಟರ್ ಮುಖ ಬಿಳಿಚಿತು. "ಬೆಡ್ ಸೋರ್. ಒಂದೇ ಕಡೆ ಒತ್ತಿ ಒತ್ತಿ ಹೀಗಾಗಿದೆ. ಈಗಲೇ ಡ್ರೆಸ್ಸಿಂಗ್ ಮಾಡಿಸ್ತೀನಿ."

"ಒತ್ತೋ ಹಾಗೆ ಯಾಕೆ ಬಿಟ್ರಿ? ಎಬ್ಬಿಸಬಾರದಿತ್ತಾ?"

"ಎಬ್ಬಿಸಿದ್ರೆ ಬೀಳ್ತಾರೆ ಅಮ್ಮಾ. ಬಿದ್ರೆ ಮೇಲಿನೋರಿಗೆ ಉತ್ತರ ಹೇಳ್ಬೇಕಾದೋಳು ನಾನು. ಇಡೀ ವಾರ್ಡಿಗೆ ನಾವಿಬ್ರೇ ಇರೋದು."

ಅವಳು ಗಂಡನ ಸೊಂಟ ನೋಡಿದಳು. ಅಗಲವಾದ ಬಟ್ಟೆಯ ಪಟ್ಟಿ, ಬಕಲ್ಲು ಬೆನ್ನ ಹಿಂದೆ. ಮಂಚಕ್ಕೆ ಕಟ್ಟಿದ್ದರು, ಗಾಲಿಕುರ್ಚಿಗೆ ಕೂರಿಸಿದರೆ ಕುರ್ಚಿಗೂ ಕಟ್ಟುತ್ತಿದ್ದರು. ಮೊದಲ ದಿನ ಕೇಳಿದಾಗ "ಸೇಫ್ಟಿಗೆ" ಎಂದಿದ್ದರು. ತಿಳಿದವರು ಹೇಳುತ್ತಾರೆಂದು ಅವಳೂ ತಲೆಯಾಡಿಸಿದ್ದಳು. ಫಿಸಿಯೋ ಹುಡುಗಿ ಬೆಳಿಗ್ಗೆ ಬಿಚ್ಚಿ ಸ್ವಲ್ಪ ಹೊತ್ತು ನಿಲ್ಲಿಸಿ ಹೋದರೆ ಮುಗಿಯಿತು. ಆಮೇಲೆ ಊಟ, ನಿದ್ದೆ, ಗೋಡೆ ನೋಡುವುದು ಎಲ್ಲ ಆ ಪಟ್ಟಿಯೊಳಗೇ. ಸುತ್ತ ಕಣ್ಣಾಡಿಸಿದರೆ ಸಾಲಾಗಿ ಎಲ್ಲ ಮಂಚಗಳಲ್ಲೂ ಅದೇ ಪಟ್ಟಿ.

ಅವಳ ಪಿತ್ತ ನೆತ್ತಿಗೇರಿತು. ನೇರ ಡಾಕ್ಟರ ಕೋಣೆಗೆ ನುಗ್ಗಿದಳು. ಅಲ್ಲಿ ಫಿಸಿಯೋ ಹುಡುಗಿ ಯಾವುದೋ ರೋಗಿಯ ವಿಷಯ ಮಾತಾಡುತ್ತ ನಿಂತಿದ್ದಳು.

ಡಾಕ್ಟರು ಎಲ್ಲ ಕೇಳಿಸಿಕೊಂಡು ಸಮಾಧಾನದ ದನಿಯಲ್ಲಿ ಹೇಳಿದರು: "ಗಾಯಕ್ಕೆ ಏನು ಬೇಕೋ ಮಾಡೋಣ. ಆದ್ರೆ ಒಂದು ತಿಳ್ಕೊಳ್ಳಿ ಅಮ್ಮಾ. ಈ ವರ್ಷ ನಮ್ಮ ವಾರ್ಡಲ್ಲಿ ಒಬ್ಬ ಪೇಷೆಂಟೂ ಬಿದ್ದಿಲ್ಲ."

"ನಿಂತೋರೇ ಇಲ್ಲ ಅಂದ್ಮೇಲೆ ಬೀಳೋರು ಯಾರು ಡಾಕ್ಟ್ರೇ?"

ಡಾಕ್ಟರು ಕನ್ನಡಕ ತೆಗೆದರು. ಅಷ್ಟರಲ್ಲಿ ಫಿಸಿಯೋ ಹುಡುಗಿ ಬಾಯಿಬಿಟ್ಟಳು.

"ಸರ್, ಇವರ ಯಜಮಾನ್ರು ಇಲ್ಲಿಗೆ ಬಂದಾಗ ಕೈ ಹಿಡಿದ್ರೆ ನಿಲ್ತಿದ್ರು. ಈಗ ಮಂಡಿ ಕುಸೀತಿದೆ. ನಾನು ಬೆಳಿಗ್ಗೆ ಕಲಿಸಿದ್ದು ಸಂಜೆ ಹೊತ್ತಿಗೆ ಇರಲ್ಲ. ಇದನ್ನ ಮೊದ್ಲೂ ಹೇಳಿದ್ದೆ."

"ನೀನು ಹೊರಗಿರಮ್ಮ," ಎಂದರು ಡಾಕ್ಟರು.

"ಯಾಕೆ ಹೊರಗೆ? ಸರಿಯಾಗೇ ಹೇಳ್ತಿದ್ದಾಳೆ ಮಗು. ನಡೆಸಿ ಕಳಿಸ್ತೀವಿ ಅಂದೋರು ನೀವು. ಬಂದಾಗ ಇದ್ದಷ್ಟನ್ನೂ ಕಳೆದಿದ್ದೀರಿ. ಮೊದ್ಲು ಆ ಪಟ್ಟಿ ಬಿಚ್ಚಿಸಿ."

"ಬಿಚ್ಚಿಸ್ತೀನಿ. ಬಿದ್ರೆ ಜವಾಬ್ದಾರಿ ನಿಮ್ದು ಅಂತ ಬರ್ಕೊಡಿ."

"ಬರ್ಕೊಡಲ್ಲ. ಬೀಳದ ಹಾಗೆ ನೋಡ್ಕೊಳ್ಳೋದೂ ನಿಮ್ಮ ಕೆಲಸ, ನಡೆಸೋದೂ ನಿಮ್ಮ ಕೆಲಸ. ಒಂದನ್ನ ಮಾಡಿ ಇನ್ನೊಂದನ್ನ ನನ್ನ ತಲೆಗೆ ಕಟ್ಟಬೇಡಿ."

ಆ ಮಧ್ಯಾಹ್ನ ಅವಳು ಮನೆಯ ಮುಂಭಾಗದ ತನ್ನ ಹೊಲಿಗೆ ಅಂಗಡಿ ತೆರೆಯಲಿಲ್ಲ. ಡಾಕ್ಟರ ಕೋಣೆಯೆದುರು, ಬರುವವರು ಹೋಗುವವರೆಲ್ಲ ನೋಡುವಂತೆ ಕೂತಳು. ಯಾಕಮ್ಮ ಕೂತಿದ್ದೀರಿ ಎಂದು ಕೇಳಿದವರಿಗೆಲ್ಲ ಹಿಮ್ಮಡಿಯ ಕತೆಯನ್ನು ಒಂದಕ್ಷರ ಬಿಡದೆ ಹೇಳಿದಳು. ಬೇರೆ ರೋಗಿಗಳ ಕಡೆಯವರು ಒಬ್ಬೊಬ್ಬರೇ ಹೋಗಿ ತಮ್ಮವರ ಹಿಮ್ಮಡಿ ಎತ್ತಿ ನೋಡತೊಡಗಿದರು. ಸಂಜೆಯೊಳಗೆ ಪೇಂಟರನ ಪಟ್ಟಿ ಬಿಚ್ಚಿದರು. ಉಳಿದವರದು ಹಾಗೆಯೇ ಉಳಿಯಿತು.

ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ತಾಗದಂತೆ ಮಾಡಿದರು. ಗಾಯಕ್ಕೆ ಭಾರ ಬೀಳದಂತೆ, ಹಿಮ್ಮಡಿಯ ಕಡೆ ಅಟ್ಟೆ ಕತ್ತರಿಸಿದ ಚಪ್ಪಲಿ ಹಾಕಿಸಿ ಫಿಸಿಯೋ ಹುಡುಗಿ ಅವನನ್ನು ನಿಲ್ಲಿಸಿದಳು. ಅವನು ಹಲ್ಲು ಕಚ್ಚಿ ನಿಂತ. ಕೆಲವು ದಿನಗಳಲ್ಲಿ ಮಂಚದ ಕಂಬಿ ಹಿಡಿದು ಹೆಜ್ಜೆಯಿಟ್ಟ. ಹೆಜ್ಜೆಗೊಂದು ಅವನಜ್ಜಿ.

ಆಮೇಲೆ ಅವನು ಬಿದ್ದ.

ಬೆಳಗಿನ ತಿಂಡಿಯಾದ ಮೇಲೆ ಒಬ್ಬನೇ ಎದ್ದು ಕಕ್ಕಸಿಗೆ ಹೊರಟವನು ಬಾಗಿಲಲ್ಲೇ ಜಾರಿದ್ದ. ಹಣೆ ಒಡೆದು ಹೊಲಿಗೆ ಹಾಕಿದ್ದರು. ಫೋನು ಬಂದಾಗ ಯೂನಿಫಾರಂ ಹೊಲಿಯುತ್ತಿದ್ದವಳು ಸೂಜಿ ಬಟ್ಟೆಯಲ್ಲಿರುವಂತೆಯೇ ಎದ್ದು ಓಡಿದಳು. ಹೋಗಿ ನೋಡಿದರೆ ತಲೆಗೆ ಬ್ಯಾಂಡೇಜು, ಸೊಂಟಕ್ಕೆ ಮತ್ತೆ ಪಟ್ಟಿ. ಡಾಕ್ಟರು, ಸಿಸ್ಟರ್ ಇಬ್ಬರೂ ಮಂಚದ ಬಳಿ ಇದ್ದರು.

"ಈಗ ಹೇಳಿ ಅಮ್ಮಾ," ಎಂದರು ಡಾಕ್ಟರು.

ಅವಳು ದಿಂಬಿನ ಮೇಲಿನ ರಕ್ತ ನೋಡಿದಳು. ಇರಲಿ ಬಿಡು, ಕಟ್ಟಿಕೊಂಡೇ ಇರಲಿ, ಜೀವವೊಂದು ಇದ್ದರೆ ಸಾಕು ಎಂದು ಮನಸ್ಸು ಹೇಳಿತು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಎಡಗೈಯನ್ನು ಪಟ್ಟಿಯೊಳಗೆ ತೂರಿಸಿ, ಕುತ್ತಿಗೆಯ ನರ ಉಬ್ಬುವಂತೆ ಎಳೆದ. ಬಕಲ್ಲು ಬಿಡಲಿಲ್ಲ. ಡಾಕ್ಟರ ಕಡೆ ತಿರುಗಿ ವಾರ್ಡೆಲ್ಲ ಕೇಳುವಂತೆ ಅಂದ: "ಅವನಜ್ಜಿ."

ಆ ಸಲ ಅದು ಸರಿಯಾದ ಜಾಗಕ್ಕೇ ಹೋಗಿ ಬಿತ್ತು. ಪಕ್ಕದ ಮಂಚದ ಮುದುಕ ಕಿಸಕ್ಕೆಂದ.

"ಕೇಳಿಸ್ತಲ್ಲ ಡಾಕ್ಟ್ರೇ," ಎಂದಳು ಅವಳು. "ಇವರು ಹೇಳಿದ್ದೇ ನಾನೂ ಹೇಳೋದು. ಕರೆಯೋಕೆ ಬೆಲ್ಲು ಇರುತ್ತಲ್ಲ, ಯಾರೂ ಯಾಕೆ ಬರಲಿಲ್ಲ?"

ಉತ್ತರ ಕೊಟ್ಟದ್ದು ಹೆಡ್ ಸಿಸ್ಟರ್. ಆದರೆ ಅವಳಿಗಲ್ಲ, ಡಾಕ್ಟರಿಗೆ.

"ಬೆಲ್ಲು ಬಲಗಡೆ ನೇತಾಡ್ತಿತ್ತು ಸರ್. ಲಕ್ವ ಹೊಡೆದ ಕೈ ಕಡೆ. ಹೇಗೆ ಒತ್ತುತ್ತಾರೆ? ನಾನು ಗಮನಿಸ್ಲಿಲ್ಲ, ನಂದು ತಪ್ಪು. ಕಕ್ಕಸಿನ ಬಾಗಿಲಲ್ಲಿ ನೀರು ನಿಂತಿತ್ತು. ನೆಲ ಒರೆಸೋಳನ್ನ ಬೇರೆ ವಾರ್ಡಿಗೆ ಕಳಿಸ್ಬೇಡಿ ಅಂತ ಅಂಗಲಾಚಿದ್ದೆ, ನೀವು ಕಳಿಸಿದ್ರಿ. ಪಟ್ಟಿ ಕಟ್ಟಿದ್ರೆ ಇದ್ಯಾವುದೂ ಹೊರಗೆ ಬರ್ತಿರ್ಲಿಲ್ಲ, ಅಷ್ಟೇ. ನನಗೂ ಸಾಕಾಗಿದೆ. ಇನ್ಮೇಲೆ ನನ್ನ ಕೈಯಲ್ಲಿ ಕಟ್ಟಿಸ್ಬೇಡಿ."

ಡಾಕ್ಟರ ಮುಖ ಕೆಂಪಾಯಿತು. ನೇರ ಕಕ್ಕಸಿನ ಬಾಗಿಲಿಗೆ ನಡೆದರು. ನೀರು ಇನ್ನೂ ಅಲ್ಲೇ ಇತ್ತು. ಅವರ ಬೂಟೂ ಒಂದು ಸಲ ಜಾರಿತು, ಗೋಡೆ ಹಿಡಿದರು. ಬೆನ್ನು ತಿರುಗಿಸಿಕೊಂಡೇ "ಬಿಚ್ಚಿ ಸಿಸ್ಟರ್," ಎಂದರು. "ಎಲ್ಲರದೂ."

ನೆಲ ಒರೆಸುವವಳು ವಾಪಸು ಬಂದಳು. ಬೆಲ್ಲುಗಳನ್ನು ಆಡುವ ಕೈಯ ಕಡೆಗೆ ಕಟ್ಟಿದರು. ತಿಂಡಿ, ಊಟವಾದ ಮೇಲೆ ರೋಗಿಗಳು ಕೇಳುವ ಮುಂಚೆಯೇ ಕಕ್ಕಸಿಗೆ ಕರೆದೊಯ್ಯಲು ಹೊಸದಾಗಿ ಇನ್ನೊಬ್ಬ ಸಿಸ್ಟರ್ ಬಂದಳು. ಆದರೂ ಮುಂದೆ ರೋಗಿಯಾಗಿದ್ದ ಒಬ್ಬ ಟೀಚರಮ್ಮ ಬಿದ್ದರು. ಯಾಕೆ ಬಿದ್ದರೆಂದು ಎಲ್ಲರೂ ಕೂತು ಮಾತಾಡಿದರು, ಯಾರನ್ನೂ ಕಟ್ಟಲಿಲ್ಲ. ಪಕ್ಕದ ಮಂಚದ ಮುದುಕನಿಗೆ ಮಾತ್ರ ಕಾಲು ಮರಳಿ ಬರಲೇ ಇಲ್ಲ. ಅವನು ಪಟ್ಟಿಯಲ್ಲಿ ಬಹಳ ಕಾಲ ಇದ್ದವನು.

ಬಿಡುಗಡೆಯ ದಿನ ಪೇಂಟರ್ ಎಡಗೈಯಲ್ಲಿ ಕೋಲೂರಿ ವಾರ್ಡಿನ ಬಾಗಿಲವರೆಗೆ ನಡೆದ. ಡಾಕ್ಟರು ಅಲ್ಲಿಗೆ ಬಂದು, "ನಿಮ್ಮಿಂದ ನಾವು ಬಹಳ ಕಲಿತ್ವಿ ಅಮ್ಮಾ," ಎಂದು ಕೈಮುಗಿದರು.

ಅವಳು ಕೈಮುಗಿಯಲಿಲ್ಲ. "ನೀವು ಕಲಿಯೋಕೆ ಇವರ ಹಿಮ್ಮಡಿನೇ ಬೇಕಿತ್ತಾ?"

ಡಾಕ್ಟರು ತಲೆ ತಗ್ಗಿಸಿದರು. ಅದು ಸಾಲದೆಂದು ಅವಳಿಗೆ ಅನ್ನಿಸಿತು. ಇನ್ನೇನು ಕೇಳಬೇಕೋ ತಿಳಿಯದೆ ಚೀಲ ಹೆಗಲಿಗೇರಿಸಿ ಹೊರಟಳು.

ಈಗ ಅವನು ಗೋಡೆಯ ಪಕ್ಕಕ್ಕೇ ಕೋಲೂರಿಕೊಂಡು ಒಳಮನೆಯಿಂದ ಅಂಗಡಿಯವರೆಗೆ ಬರುತ್ತಾನೆ. ಕೋಲಿನ ಸದ್ದು ಕೇಳಿದೊಡನೆ ಅವಳು ಮಿಷನ್ನು ನಿಲ್ಲಿಸುತ್ತಾಳೆ. ಎದ್ದು ಹೋಗಿ ಹಿಡಿಯಲು ಕೈ ಹಾತೊರೆಯುತ್ತದೆ. ಎರಡು ಕೈಯನ್ನೂ ಬಟ್ಟೆಯ ಮೇಲೆ ಒತ್ತಿ ಹಿಡಿದು, ಅವನು ಬಂದು ಸ್ಟೂಲಿನ ಮೇಲೆ ಕೂರುವ ತನಕ ಹಾಗೆಯೇ ಕೂತಿರುತ್ತಾಳೆ.